ಮಿನಿ ಟ್ರಾಕ್ಟರ್‌ನ ಪೊದೆ, ಕಡ್ಡಿ, ಮುಳ್ಳಿಂದ ಕಾಪಾಡೋಕೆ ಏನೇನು ಹಾಕಿ ನೋಡ್ದೆ, ಯಾವ್ದು ನಿಲ್ತು

ಅಡಿಕೆ ತೋಟದ ಒಂಬತ್ತಡಿ ಸಾಲಲ್ಲಿ ಓಡಾಡ್ಲಿ ಅಂತ ತಗೊಂಡ ಮಿನಿ ಟ್ರಾಕ್ಟರ್‌ನ ಈಗ ಎಲ್ಲರೂ ಪೊದೆ ಜಾಗಕ್ಕೂ ಇಳಿಸ್ತಿದಾರೆ, ಆಳು ಸಿಗಲ್ಲ, ಸಿಕ್ಕಿದ್ರೂ ಲಂಟಾನ ಕಡಿಯೋ ಕೆಲ್ಸ ಅಂದ್ರೆ ಯಾರೂ ಬರಲ್ಲ, ಹಂಗಾಗಿ ಇಳಿಸ್ಬೇಡಿ ಅಂತ ಹೇಳೋಕೂ ಆಗಲ್ಲ. ಆದ್ರೆ ಈ 20ರಿಂದ 28 ಎಚ್‌ಪಿ ಗಾಡಿಗಳ ಹೊಟ್ಟೆ ಕೆಳಗೆ ಒಂದ್ಸಲ ಮಲಗಿ ನೋಡಿ. ಆಯಿಲ್ ಫಿಲ್ಟರ್ ಪಕ್ಕಕ್ಕೆ ಚಾಚ್ಕೊಂಡಿರತ್ತೆ, ಡೀಸೆಲ್ ಪೈಪು ಕಿರುಬೆರಳು ದಪ್ಪಾನೂ ಇರಲ್ಲ, ಪವರ್ ಸ್ಟೇರಿಂಗ್ ಹೋಸು ಮುಂದಿನ ಆಕ್ಸಲ್ ಹತ್ರ ಬಾಗಿ ನಿಂತಿರತ್ತೆ, ವೈರಿಂಗ್ ಅಲ್ಲೇ ಪಕ್ಕದಲ್ಲಿ. ನೆಲದಿಂದ ಅಷ್ಟಕ್ಕೂ ಹೆಚ್ಚು ಅಂದ್ರೆ ಒಂದಡಿ ಎತ್ತರ ಅಷ್ಟೇ. ಉತ್ತ ನೆಲಕ್ಕೆ ಇದು ಸಾಕು, ಕಡಿದು ಬಿಟ್ಟ ಪೊದೆ ಮೇಲೆ ಹತ್ತಿಸೋಕೆ ಸಾಲಲ್ಲ.

ನಮ್ದು ತರೀಕೆರೆಯಿಂದ ಕಡೂರು ಕಡೆ ಇಳಿಯೋ ಜಾಗ. ಮೇಲ್ಗಡೆ ಅಡಿಕೆ, ಮಧ್ಯ ತೆಂಗು, ಕೆಳಗೆ ಕೆರೆ ಪಕ್ಕ ಬಳ್ಳಾರಿ ಜಾಲಿ, ಬೇಲಿ ಉದ್ದಕ್ಕೂ ಲಂಟಾನ ಮತ್ತೆ ಯುಪಟೋರಿಯಂ ಅನ್ನೋ ಕಳೆ ಪೊದೆ, ಕೆಲವು ಕಡೆ ಸೀಗೆ ಮುಳ್ಳು. ಅಂದ್ರೆ ಟ್ರಾಕ್ಟರಿಗೆ ಏಟು ಕೊಡೋಕೆ ಏನೇನು ಬೇಕೋ ಎಲ್ಲ ಒಂದೇ ಕಡೆ ಇದೆ. ಗಾಡಿ 24 ಎಚ್‌ಪಿ, ನಾಲ್ಕೂ ಚಕ್ರದ ಡ್ರೈವ್. ಕಂಪನಿ ಯಾವ್ದು ಅನ್ನೋದು ಈ ವಿಷಯಕ್ಕೆ ಮುಖ್ಯ ಅಲ್ಲ, ಈ ಸೈಜಿನ ಗಾಡಿಗಳ ಹೊಟ್ಟೆ ಕೆಳಗಿನ ಕಥೆ ಹೆಚ್ಚುಕಮ್ಮಿ ಒಂದೇ.

ಇಷ್ಟೆಲ್ಲ ಹಾಕಿ, ಬಿಚ್ಚಿ, ಮತ್ತೆ ಹಾಕಿ ನೋಡಿದ್ಮೇಲೆ ನನಗೆ ಗಟ್ಟಿಯಾಗಿ ಅನ್ಸಿರೋದು ಒಂದು. ಯಾವ ಗಾರ್ಡ್ ಹಾಕಿದ್ರೂ ಕಡ್ಡಿ ಒಳಗೆ ಬಂದೇ ಬರತ್ತೆ. ಬಂದಿದ್ದು ಎಲ್ಲಿಂದ ಹೊರಗೆ ಹೋಗತ್ತೆ ಅಂತ ಮೊದಲು ನೋಡ್ಬೇಕು, ತಗಡು ಎಷ್ಟು ದಪ್ಪ ಅನ್ನೋದು ಆಮೇಲಿನ ಮಾತು. ಕೆಳಗಿನ ಒಂದೊಂದು ಹೋಲಿಕೇನೂ ಈ ಲೆಕ್ಕದಲ್ಲೇ ಬರ್ದಿದೀನಿ.

ಹೊಟ್ಟೆ ತಗಡಿಂದ ಶುರು ಮಾಡ್ತೀನಿ, ಎಲ್ಲರೂ ಮೊದಲು ಕೇಳೋದು ಅದನ್ನೇ. ಒಂದೇ ಗಾಡಿಗೆ ಬೇರೆಬೇರೆ ಕಾಲದಲ್ಲಿ ನಾಲ್ಕು ತರದ್ದು ಹಾಕಿಸಿ ನೋಡಿದೀನಿ, 5 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಅಂದ್ರೆ ಮಾಮೂಲಿ ಉಕ್ಕು) ಪ್ಲೇಟ್ ಒಂದೇ ಪೀಸು, 3 ಎಂಎಂ ಚೆಕ್ಕರ್ ಪ್ಲೇಟ್ (ಮೇಲೆ ಉಬ್ಬು ಗೆರೆ ಇರೋ ತಗಡು) ಎರಡು ಪೀಸು, ಎಕ್ಸ್‌ಪ್ಯಾಂಡೆಡ್ ಮೆಶ್ (ತಗಡನ್ನ ಸೀಳಿ ಎಳೆದು ಮಾಡಿದ ಜಾಲರಿ), ಆಮೇಲೆ ಜಲ್ಲಿ ಕ್ರಷರಲ್ಲಿ ಓಡಿ ಹಳೇದಾದ ಕನ್ವೇಯರ್ ಬೆಲ್ಟು.

5 ಎಂಎಂ ಪ್ಲೇಟ್ ಬಗ್ಗೆ ವೆಲ್ಡಿಂಗ್ ಶಾಪಿನೋರು ಹೇಳೋ ಮಾತು ಎಲ್ಲ ಕಡೇನೂ ಒಂದೇ, ಒಂದ್ಸಲ ಹಾಕ್ಸಿ ಸಾರ್ ಲೈಫ್ ಲಾಂಗ್ ಅಂತ. ಗಟ್ಟಿ ಅನ್ನೋದ್ರಲ್ಲಿ ಅನುಮಾನ ಇಲ್ಲ, ತೆಂಗಿನ ಗರಿ ಬುಡದ ಮಟ್ಟೆ ಎದ್ದು ಬಡಿದ್ರೂ ಏನೂ ಆಗಲ್ಲ. ತೂಕ ಲೆಕ್ಕ ಹಾಕಿ ನೋಡಿ, ಉಕ್ಕು ಒಂದು ಚದರ ಮೀಟರಿಗೆ ಒಂದು ಎಂಎಂ ದಪ್ಪಕ್ಕೆ 7.85 ಕೆಜಿ, ಮೂರಡಿ ಉದ್ದ ಎರಡಡಿ ಅಗಲದ ಪ್ಲೇಟ್ 5 ಎಂಎಂದು ಅಂದ್ರೆ ಸುಮಾರು 22 ಕೆಜಿ ಆಗತ್ತೆ, ಅದೇ 3 ಎಂಎಂದು ಆದ್ರೆ 13 ಕೆಜಿ. 22 ಕೆಜಿನ ಗಾಡಿ ಹೊರತ್ತೆ, ಅದು ಸಮಸ್ಯೆ ಅಲ್ಲ. ಅದನ್ನ ಮಲಗಿ ಎದೆ ಮೇಲೆ ಇಟ್ಕೊಂಡು ಒಬ್ಬನೇ ಬಿಚ್ಚಿ ಹಾಕೋಕೆ ಆಗಲ್ಲ, ಇನ್ನೊಬ್ರು ಬೇಕು, ಇಲ್ಲ ಜಾಕ್ ಕೊಡ್ಬೇಕು. ಬಿಚ್ಚೋಕೆ ಕಷ್ಟ ಅಂದ್ರೆ ಯಾರೂ ಬಿಚ್ಚಲ್ಲ, ಬಿಚ್ಚದೆ ಇದ್ರೆ ಪ್ಲೇಟ್ ಮೇಲೆ ಒಣಗಿದ ಎಲೆ, ಹುಲ್ಲು, ಚಿಕ್ಕ ಕಡ್ಡಿ, ಅದರ ಮೇಲೆ ಎಂಜಿನ್ನಿಂದ ತೊಟ್ಟಿಕ್ಕೋ ಡೀಸೆಲ್ ಆಯಿಲ್ ಎಲ್ಲ ಸೇರಿ ಒಂದು ಹಾಸಿಗೆ ಆಗತ್ತೆ, ಪಕ್ಕದಲ್ಲೇ ಸೈಲೆನ್ಸರ್. ಫೆಬ್ರವರಿ ಮಾರ್ಚಲ್ಲಿ ಇದು ಬೆಂಕಿಗೆ ಕರೆ ಕೊಟ್ಟ ಹಂಗೆ. ನನ್ನ ಪ್ರಕಾರ ಮುಚ್ಚಿದ ಒಂದೇ ಪೀಸಿನ ದಪ್ಪ ಪ್ಲೇಟು ಕಡ್ಡಿಗಿಂತ ಹೆಚ್ಚಿನ ಅಪಾಯ ತರತ್ತೆ, ಅದಕ್ಕೇ ಇದನ್ನ ಯಾರಿಗೂ ಹೇಳಲ್ಲ.

ಎಕ್ಸ್‌ಪ್ಯಾಂಡೆಡ್ ಮೆಶ್ ಇದಕ್ಕೆ ತದ್ವಿರುದ್ಧ. ಕಸ ಎಲ್ಲ ಕೆಳಗೆ ಉದುರತ್ತೆ, ಹಗುರ, ಗಾಳಿ ಆಡತ್ತೆ, ತೊಳೆಯೋದು ಸುಲಭ, ನೋಡೋಕೂ ಚೆನ್ನಾಗಿದೆ. ಆದ್ರೆ ಬೆರಳು ದಪ್ಪದ ಲಂಟಾನ ಕೋಲು ಅದರ ತೂತಿಗೆ ತುದಿ ಇಟ್ಟು ಸಿಕ್ಕಾಕೊಂಡ್ರೆ ಗಾಡಿ ಮುಂದೆ ಹೋದ ಹಂಗೆಲ್ಲ ಕೋಲು ನೆಟ್ಟಗೆ ನಿಂತು ಮೇಲಕ್ಕೆ ತಳ್ಕೊಂಡು ಬರತ್ತೆ, ಮೆಶ್ ಇಲ್ದಿದ್ರೆ ಜಾರಿ ಹೋಗ್ತಿದ್ದ ಕೋಲು ಈಗ ಮೆಶ್ ಇರೋದ್ರಿಂದಾನೇ ಒಳಗೆ ಚುಚ್ಚತ್ತೆ. ಹುಲ್ಲು, ಅಡಿಕೆ ಸೋಗೆ ಮಾತ್ರ ಇರೋ ತೋಟಕ್ಕೆ ಮೆಶ್ ಸಾಕು, ಪೊದೆ ಕಡಿಯೋ ಜಾಗಕ್ಕೆ ಬೇಡ.

ಕನ್ವೇಯರ್ ಬೆಲ್ಟು ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ಬಂತು. 10 ಎಂಎಂ ದಪ್ಪದ್ದು, ಅದೇ ಅಳತೆಗೆ ಆರೇಳು ಕೆಜಿ, ಒಳಗೆ ಬಟ್ಟೆ ಪದರ ಇರೋದ್ರಿಂದ ಕೋಲು ತೂರಲ್ಲ, ಬಡಿದ್ರೆ ಬಾಗಿ ವಾಪಸ್ ಬರತ್ತೆ, ತಗಡಿನ ಹಂಗೆ ಒಂದ್ಸಲ ನೆಗ್ಗಿ ಆಯಿಲ್ ಪ್ಯಾನ್‌ಗೆ ಒತ್ಕೊಂಡು ಕೂರಲ್ಲ. ಸದ್ದೂ ಇಲ್ಲ. ಎರಡು ತೊಂದರೆ ಇದೆ. ಒಂದು, ನಾಲ್ಕು ಮೂಲೆಗೆ ಬೋಲ್ಟ್ ಹಾಕಿ ಬಿಟ್ರೆ ಮಧ್ಯ ಜೋತು ಬಿದ್ದು ನೆಲಕ್ಕೆ ಹತ್ರ ಆಗತ್ತೆ, ಅಡ್ಡಕ್ಕೆ 25x5 ಫ್ಲ್ಯಾಟ್ ಪಟ್ಟಿ ಎರಡಾದ್ರೂ ಕೊಡ್ಬೇಕು. ಇನ್ನೊಂದು, ರಬ್ಬರ್ ಬೆಂಕಿ ಹಿಡಿಯತ್ತೆ, ಸೈಲೆನ್ಸರ್ ಕೆಳಗಡೆ ಇರೋ ಗಾಡಿಗಳಿಗೆ ಆ ಭಾಗದಲ್ಲಿ ಇದನ್ನ ಹಾಕಲೇಬಾರ್ದು.

ಕೊನೆಗೆ ಗಾಡೀಲಿ ಉಳಿದಿರೋದು 3 ಎಂಎಂ ಚೆಕ್ಕರ್ ಪ್ಲೇಟ್, ಎರಡು ಪೀಸು. ಮುಂದಿನ ಪೀಸು ಮುಂದಿನ ಆಕ್ಸಲ್ ಬ್ರಾಕೆಟ್ಟಿಂದ ಆಯಿಲ್ ಪ್ಯಾನ್ ತನಕ, ಹಿಂದಿಂದು ಕ್ಲಚ್ ಹೌಸಿಂಗ್ ಕೆಳಗೆ, ಮಧ್ಯ ಒಂದೂವರೆ ಇಂಚು ಗ್ಯಾಪ್ ಬಿಟ್ಟಿದೆ, ಆ ಗ್ಯಾಪಿಂದಾನೇ ಕಸ ಉದುರೋದು. ಆಯಿಲ್ ಇಳಿಸೋ ಡ್ರೈನ್ ಪ್ಲಗ್ ಕೆಳಗೆ ಮೂರಿಂಚು ತೂತು. ಪ್ರತಿ ಪೀಸಿಗೂ ಮುಂದೆ ಎರಡು ಕೊಕ್ಕೆ, ಹಿಂದೆ ಎರಡು ಬೋಲ್ಟು, ಬೋಲ್ಟ್ ಬಿಚ್ಚಿದ್ರೆ ಹಿಂದಿನ ತುದಿ ಕೆಳಗೆ ಇಳಿಯತ್ತೆ, ಒಬ್ಬನೇ ಬಿಚ್ಚಿ ಕಸ ಕೆಡವಿ ಮತ್ತೆ ಹಾಕ್ಬೋದು. ಅಂಚಿನ ಬಗ್ಗೆ ಒಂದು ಮಾತು, ಎಲ್ಲರೂ ಮುಂದಿನ ಅಂಚನ್ನ ಮೇಲಕ್ಕೆ ಬಗ್ಗಿಸ್ತಾರೆ, ಹಿಂದಿನ ಅಂಚನ್ನ ಹಂಗೇ ಬಿಡ್ತಾರೆ, ಪೊದೇಲಿ ರಿವರ್ಸ್ ತಗೊಂಡ ತಕ್ಷಣ ಆ ಅಂಚು ಸಲಿಕೆ ಹಂಗೆ ಕಡ್ಡಿ ಬಾಚಿ ಒಳಗೆ ತುಂಬ್ಕೊಳತ್ತೆ. ಹಿಂದೇನೂ ಬಗ್ಗಿಸ್ಬೇಕು, ಕನಿಷ್ಠ ಎರಡಿಂಚು.

ಫಿಟ್ಟಿಂಗ್ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ತಪ್ಪಿದ್ರೆ ತಗಡು ಒಳ್ಳೇದಿದ್ದೂ ಪ್ರಯೋಜನ ಇಲ್ಲ. ಈ ಗಾಡಿಗಳಿಗೆ ಲಾರಿ ತರ ಬೇರೆ ಚಾಸಿ ಅಂತ ಇರಲ್ಲ, ಎಂಜಿನ್ನು, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅದೇ ಬೆನ್ನುಮೂಳೆ. ಅವು ಬೀಡು ಕಬ್ಬಿಣ ಇಲ್ಲ ಅಲ್ಯೂಮಿನಿಯಂ ಕಾಸ್ಟಿಂಗ್, ಅದಕ್ಕೆ ವೆಲ್ಡ್ ಹಾಕ್ಸೋದು, ಡ್ರಿಲ್ ಹೊಡಿಯೋದು ಎರಡೂ ಬೇಡ. ಕಂಪನಿಯೋರೇ ಕೊಟ್ಟಿರೋ ಖಾಲಿ ಥ್ರೆಡ್ ತೂತುಗಳು ಮುಂದೆ, ಪಕ್ಕದಲ್ಲಿ ಇರ್ತವೆ, ಅವನ್ನೇ ಬಳಸ್ಕೋಬೇಕು, ಇಲ್ದಿದ್ರೆ ಯು ಬೋಲ್ಟ್. ಬೋಲ್ಟ್ ಮಧ್ಯ ರಬ್ಬರ್ ಬುಶ್ ಕೊಡಿ, ಇಲ್ಲ ಅಂದ್ರೆ ಗಾಡಿ ಅಲುಗಾಟಕ್ಕೆ ಬೋಲ್ಟ್ ತಾನಾಗೇ ಸಡಿಲ ಆಗತ್ತೆ. ಮುಂದಿನ ಆಕ್ಸಲ್ ಮಧ್ಯದ ಪಿನ್ ಮೇಲೆ ಅತ್ತ ಇತ್ತ ವಾಲತ್ತೆ, ಅದು ಪೂರ್ತಿ ವಾಲಿದಾಗ್ಲೂ ಪ್ಲೇಟಿಗೆ ತಾಗದ ಹಂಗೆ ಜಾಗ ಬಿಡಿಸಿ. ಕ್ಲಚ್ ಹೌಸಿಂಗ್ ಕೆಳಗೆ ಎಷ್ಟೋ ಗಾಡೀಲಿ ಒಂದು ಚಿಕ್ಕ ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ನೇತಾಡ್ತಿರತ್ತೆ, ಅದನ್ನ ಮುಚ್ಚಬೇಡಿ, ಒಳಗಿನ ಸೀಲ್ ಹೋಗಿ ಆಯಿಲ್ ಬರ್ತಿದ್ರೆ ಮೊದಲು ಗೊತ್ತಾಗೋದು ಅಲ್ಲಿಂದಾನೇ. ಗಾಡಿ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಿಸಿದ್ರೂ ಬ್ಯಾಟರಿ ವೈರ್ ಮೊದಲು ಕಳಚಿಸಿ, ಇಲ್ಲ ಅಂದ್ರೆ ಆಲ್ಟರ್ನೇಟರ್ ಸುಟ್ಟು ಹೋಗೋ ಸಾಧ್ಯತೆ ಇದೆ.

ಇನ್ನು ರೇಡಿಯೇಟರ್. ಇಲ್ಲಿ ಜನ ಎರಡು ಬೇರೆಬೇರೆ ಶತ್ರುನ ಒಂದೇ ಅಂತ ತಿಳ್ಕೊಂಡಿದಾರೆ. ಒಂದು ಚುಚ್ಚೋ ಕಡ್ಡಿ, ಇನ್ನೊಂದು ಮುಚ್ಚೋ ಧೂಳು ಹೊಟ್ಟು. ಯುಪಟೋರಿಯಂ ಇರೋ ಜಾಗದೋರಿಗೆ ಗೊತ್ತು, ಚಳಿಗಾಲದಲ್ಲಿ ಹೂ ಬಿಟ್ಟು ಬೇಸಿಗೆ ಶುರುವಾಗೋ ಹೊತ್ತಿಗೆ ಬೀಜದ ಜೊತೆ ನಯವಾದ ಕೂದಲು ಹಾರಾಡತ್ತೆ, ಫ್ಯಾನು ಮುಂದಿಂದ ಗಾಳಿ ಎಳೆಯೋದ್ರಿಂದ ಅದೆಲ್ಲ ಸೀದಾ ರೇಡಿಯೇಟರ್ ಫಿನ್ (ಗಾಳಿ ಹಾದು ಹೋಗೋ ತೆಳ್ಳನೆ ತಗಡಿನ ಎಸಳು) ಮೇಲೆ ಬಂದು ಕಂಬಳಿ ಹೊದಿಸಿಬಿಡತ್ತೆ. ಕಡ್ಡಿಗೆ ಹಾಕೋ ಮೆಶ್ ಇದನ್ನ ತಡಿಯಲ್ಲ, ಇದನ್ನ ತಡಿಯೋ ಮೆಶ್ ಕಡ್ಡಿಗೆ ನಿಲ್ಲಲ್ಲ.

ಮೂರು ತರ ಹಾಕಿ ನೋಡ್ದೆ. ತೂತಿನ ಶೀಟು, 5 ಎಂಎಂ ತೂತು 8 ಎಂಎಂ ಅಂತರದ್ದು, ಗಟ್ಟಿ, ನೋಡೋಕೆ ಕಂಪನಿ ಫಿಟ್ಟಿಂಗ್ ತರಾನೇ ಕಾಣತ್ತೆ. ಆದ್ರೆ ಲೆಕ್ಕ ಹಾಕಿದ್ರೆ ಆ ಶೀಟಲ್ಲಿ ಗಾಳಿಗೆ ತೆರೆದಿರೋ ಜಾಗ ಬರೀ 35 ಪರ್ಸೆಂಟು, ಮಿಕ್ಕಿದ್ದೆಲ್ಲ ತಗಡು. ಸ್ಲ್ಯಾಷರ್ (ಗಾಡಿ ಹಿಂದೆ ಹಾಕೋ, ಬ್ಲೇಡ್ ತಿರುಗಿ ಪೊದೆ ಕಡಿಯೋ ಯಂತ್ರ) ಹಾಕಿ ಲೋಡಲ್ಲಿ ಓಡಿಸ್ತಾ ಎಂಜಿನ್ ಬಿಸಿ ತೋರ್ಸೋ ಮೀಟರ್ ಮೇಲೇ ಕಣ್ಣಿಟ್ಟು ನೋಡ್ದೆ, ಮೀಟರ್ ಮುಳ್ಳು ಮಾಮೂಲಿ ಜಾಗ ಬಿಟ್ಟು ಮೇಲೆ ಹೋಯ್ತು, ಬೇಸಿಗೆ ಮಧ್ಯಾಹ್ನ ಇನ್ನೂ ಮೇಲೆ. ಅದನ್ನ ತೆಗೆಸಿದೆ. ಎರಡನೇದು ಅರ್ಧ ಇಂಚಿನ ವೆಲ್ಡ್ ಮೆಶ್, 18 ಗೇಜಿನ ತಂತಿ, ಕೋಳಿ ಗೂಡಿಗೆ ಹಾಕ್ತಾರಲ್ಲ ಅದೇ. ಇದ್ರಲ್ಲಿ 80 ಪರ್ಸೆಂಟ್ ಮೇಲೆ ಜಾಗ ತೆರೆದಿರತ್ತೆ, ಮೀಟರಲ್ಲಿ ಯಾವ ವ್ಯತ್ಯಾಸಾನೂ ಕಾಣಲಿಲ್ಲ, ಪೆನ್ಸಿಲ್ ದಪ್ಪದ ಕಡ್ಡಿ ತೂರಬೋದು, ಆದ್ರೆ ಹಂಗೆ ತೂರೋ ಕಡ್ಡಿ ಫಿನ್ ಬಗ್ಗಿಸೋದಕ್ಕಿಂತ ಮೊದಲೇ ಮುರಿದು ಹೋಗೋದೇ ಹೆಚ್ಚು. ಮೂರನೇದು ಸೊಳ್ಳೆ ಪರದೆಯ ಸ್ಟೀಲ್ ಮೆಶ್. ಹೊಸದ್ರಲ್ಲಿ ಗಾಳಿ ಚೆನ್ನಾಗೇ ಹೋಗತ್ತೆ, ಯುಪಟೋರಿಯಂ ಕೂದಲನ್ನ ನಿಲ್ಲಿಸೋದು ಇದೊಂದೇ, ಆದ್ರೆ ನಿಲ್ಲಿಸಿದ್ದೆಲ್ಲ ಅದರ ಮೇಲೇ ಕೂರೋದ್ರಿಂದ ಕೆಲಸದ ಮಧ್ಯ ಆಗಾಗ ಇಳಿದು ಒರೆಸದೆ ಇದ್ರೆ ತೂತಿನ ಶೀಟಿಗಿಂತ ಕಡೆ.

ಈಗ ಇರೋದು ಎರಡೂ. ವೆಲ್ಡ್ ಮೆಶ್ ಗ್ರಿಲ್ ಒಳಗಡೆ ಖಾಯಂ ಫಿಟ್ಟು, ರೇಡಿಯೇಟರಿಂದ ಎರಡಿಂಚು ದೂರ ಇಟ್ಟಿದೆ, ತಾಗಿಸಿ ಕಟ್ಟಿದ್ರೆ ಕಡ್ಡಿ ಬಡಿದಾಗ ಮೆಶ್ಶೇ ಫಿನ್ನಿಗೆ ಒತ್ತತ್ತೆ. ಸೊಳ್ಳೆ ಮೆಶ್ಶನ್ನ ಅಲ್ಯೂಮಿನಿಯಂ ಕಿಟಕಿ ಚಾನಲ್ ಫ್ರೇಮಿಗೆ ಹಾಕಿಸಿ, ಬಾನೆಟ್ ಎತ್ತಿ ಮೇಲಿಂದ ಎಳೆದು ತೆಗೆಯೋ ಹಂಗೆ ಮಾಡ್ಸಿದೆ, ಹೂ ಸೀಸನ್ನಲ್ಲಿ ಹಾಕೋದು, ಮಿಕ್ಕಿದ ಕಾಲದಲ್ಲಿ ಶೆಡ್ಡಲ್ಲಿ ಇಡೋದು. ಎರಡು ಫ್ರೇಮ್ ಮಾಡಿಸಿಟ್ಕೊಂಡ್ರೆ ಒಂದು ತುಂಬಿದಾಗ ಇನ್ನೊಂದು ಹಾಕಿ ಕೆಲಸ ಮುಂದುವರೆಸ್ಬೋದು. ಕ್ಲೀನ್ ಮಾಡೋವಾಗ ಗಾಳೀನ ಎಂಜಿನ್ ಕಡೆಯಿಂದ ಹೊರಕ್ಕೆ ಊದಿ, ಮುಂದಿಂದ ಊದಿದ್ರೆ ಕಸ ಇನ್ನೂ ಒಳಗೆ ಕೂರತ್ತೆ. ಕಾರ್ ವಾಷರ್ ಪ್ರೆಷರಲ್ಲಿ ಓರೆಯಾಗಿ ನೀರು ಹೊಡೆದ್ರೆ ಫಿನ್ ಎಲ್ಲ ಮಲಗತ್ತೆ, ಮಲಗಿದ ಫಿನ್ನಲ್ಲಿ ಗಾಳಿ ಹೋಗಲ್ಲ, ಮೆಲ್ಲಗಿನ ನೀರು ನೇರಕ್ಕೆ ಬಿಟ್ರೆ ಸಾಕು. ಎಂಜಿನ್ ಬಿಸಿ ಇರೋವಾಗ ಬೇಡ.

ಮುಂದಿನ ಬಂಪರ್ ಗಾರ್ಡ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಆಂಗಲ್‌ದು (ಎಲ್ ಆಕಾರದ ಕಬ್ಬಿಣದ ಪಟ್ಟಿ), ಪೈಪಿಂದು ಎರಡೂ ಹಾಕ್ಸಿ ನೋಡಿದೀನಿ. ಆಂಗಲ್ ಅಂಚಿಗೆ ಬಳ್ಳಿ, ಸೀಗೆ ಸಿಕ್ಕಾಕೊಂಡು ಎಳ್ಕೊಂಡೇ ಬರತ್ತೆ, ಒಂದೂವರೆ ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಪೈಪ್ ಮೇಲಿಂದ ಜಾರತ್ತೆ. ಪೈಪು ಮೀಟರಿಗೆ ಸುಮಾರು ಮೂರೂವರೆ ಕೆಜಿ, ಪೂರ್ತಿ ಗಾರ್ಡ್ ಆಗೋ ಹೊತ್ತಿಗೆ ಮೂಗಿನ ಮೇಲೆ ಒಳ್ಳೆ ತೂಕ ಬರತ್ತೆ, ಹಿಂದೆ ಸ್ಲ್ಯಾಷರ್ ಎತ್ತಿದಾಗ ಮುಂದೆ ಹಗುರ ಆಗೋ ಗಾಡಿಗೆ ಅದು ಒಳ್ಳೇದೇ. ಪಟ್ಟಿಗಳನ್ನ ಉದ್ದುದ್ದಕ್ಕೆ ನಿಲ್ಲಿಸಿ, ಅಡ್ಡಡ್ಡ ಹಾಕಿದ್ರೆ ಬಾಗಿದ ಕೊಂಬೆ ಮಧ್ಯ ನುಗ್ಗಿ ನಿಲ್ಲತ್ತೆ. ಬಾನೆಟ್ ಎತ್ತೋಕೆ ಅಡ್ಡ ಆಗದ ಹಂಗೆ ಕೆಳಗಡೆ ಹಿಂಜ್ ಇರ್ಲಿ.

ಹೋಸ್ ಮತ್ತೆ ವೈರಿಂಗು, ಇದನ್ನ ಕೊನೆಗೆ ಮಾಡೋರೇ ಜಾಸ್ತಿ, ನಾನಂತೂ ದುಡ್ಡು ಕಮ್ಮಿ ಇರೋರಿಗೆ ಮೊದಲು ಇದನ್ನೇ ಮಾಡಿ ಅಂತೀನಿ. ಖರ್ಚು ನೂರರ ಲೆಕ್ಕದಲ್ಲಿ, ಉಳಿಯೋದು ಸಾವಿರದ ಲೆಕ್ಕದಲ್ಲಿ. ಹಳೇ ಸೈಕಲ್ ಟ್ಯೂಬ್ ಸುತ್ತೋದು ಎಲ್ಲರೂ ಮಾಡೋ ಉಪಾಯ, ನನಗೆ ಇಷ್ಟ ಇಲ್ಲ, ಒಳಗೆ ಧೂಳು ಆಯಿಲ್ ಸೇರಿ ಹೋಸ್ ರಬ್ಬರೇ ಮೆತ್ತಗಾಗತ್ತೆ, ಒಳಗೆ ಎಲ್ಲಿ ಜಿನುಗ್ತಿದೆ ಅನ್ನೋದೂ ಕಾಣಲ್ಲ. ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಸ್ಪೈರಲ್ ಗಾರ್ಡ್ ಎಲ್ಲಕ್ಕಿಂತ ಚೆನ್ನಾಗಿದೆ, ಸಂದೀಲಿ ಲೀಕ್ ಕಾಣತ್ತೆ, ತಿರುವಿ ಬಿಚ್ಬೋದು. ಜೆಸಿಬಿ ಹೋಸ್ ಮಾಡೋ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಅದು ಸಿಗದೆ ಇದ್ರೆ ನಮ್ಮ ತೋಟದಲ್ಲೇ ಬಿದ್ದಿರೋ ಹಳೇ ಡ್ರಿಪ್ ಪೈಪು, 16 ಎಂಎಂ ಇಲ್ಲ 20 ಎಂಎಂದು, ಉದ್ದಕ್ಕೆ ಸೀಳಿ ಡೀಸೆಲ್ ಪೈಪ್ ಮೇಲೆ ವೈರ್ ಮೇಲೆ ತೊಡಿಸಿ ಕೇಬಲ್ ಟೈ ಕಟ್ಟಿದ್ರೆ ಚೆನ್ನಾಗೇ ಬಾಳಿಕೆ ಬರತ್ತೆ, ಸೀಳಿದ ಬಾಯಿ ಕೆಳಗೆ ಬರೋ ಹಂಗೆ ಕಟ್ಟಿ, ನೀರು ನಿಲ್ಲಲ್ಲ. ಸೈಲೆನ್ಸರ್ ಹತ್ರ ಮಾತ್ರ ಇದು ಬೇಡ, ಕರಗತ್ತೆ. ಸ್ಟೇರಿಂಗ್ ಹೋಸಿಗೆ ಏನೇ ಹಾಕಿದ್ರೂ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತ ಬರ್ತಿಲ್ಲ ಅಂತ ನೋಡ್ಕೊಳ್ಳಿ.

ಟೈರ್ ವಿಷಯಕ್ಕೆ ಬಂದ್ರೆ ಬಳ್ಳಾರಿ ಜಾಲಿ ಇರೋರದ್ದೇ ಒಂದು ಬೇರೆ ಲೋಕ. ಎರಡಿಂಚಿನ ತನಕ ಬೆಳೆಯೋ ಮುಳ್ಳು, ಒಣಗಿದ ಮೇಲೆ ಮೊಳೆಗಿಂತ ಗಟ್ಟಿ, ಮುಂದಿನ ಚಿಕ್ಕ ಟೈರಿಗೆ ಬಟನ್ (ಎದ್ದಿರೋ ರಬ್ಬರ್ ಹಲ್ಲು) ಪಕ್ಕದಲ್ಲಿ ರಬ್ಬರ್ ತೆಳ್ಳಗಿರೋ ಕಡೆ ತೂರಿ ಸೀದಾ ಟ್ಯೂಬಿಗೆ. ಪಂಚರ್ ಸೀಲೆಂಟ್ ದ್ರವ ಹಾಕಿ ನೋಡ್ದೆ, ಹಳೇ ಟೈರ್ ಪಟ್ಟಿನ ಒಳಗೆ ಲೈನರ್ ತರ ಹಾಕಿ ನೋಡ್ದೆ, ಮುಂದಿನ ಟೈರನ್ನ 6 ಪ್ಲೈ (ಟೈರ್ ಒಳಗಿನ ಪದರದ ಗಟ್ಟಿತನದ ಲೆಕ್ಕ) ಬಿಟ್ಟು 8 ಪ್ಲೈಗೆ ಬದಲಾಯಿಸಿ ನೋಡ್ದೆ.

ಸೀಲೆಂಟ್ ಟ್ಯೂಬ್‌ಲೆಸ್ ಟೈರಲ್ಲಿ ಚೆನ್ನಾಗಿ ಕೆಲಸ ಮಾಡತ್ತೆ, ನಮ್ಮ ಗಾಡಿಗಳಲ್ಲಿ ಹೆಚ್ಚಿಗೆ ಇರೋದು ಟ್ಯೂಬ್ ಟೈರು, ಅದ್ರಲ್ಲಿ ಅಷ್ಟಕ್ಕಷ್ಟೇ. ಕಾರಣ ಏನಂದ್ರೆ ಮುಳ್ಳು ಟೈರಲ್ಲೇ ಮುರಿದು ಉಳಿಯತ್ತೆ, ಟ್ಯೂಬ್ ಒಳಗೆ ಚೂರುಚೂರು ಅಲುಗ್ತಾ ಇರತ್ತೆ, ತೂತು ಕೆರೆದು ಕೆರೆದು ಸೀಳಾಗತ್ತೆ, ಸೀಳನ್ನ ದ್ರವ ಹಿಡಿಯಲ್ಲ. ಟೈರ್ ಪಕ್ಕದ ಗೋಡೆಗೆ ಆದ ತೂತಿಗೂ ಅದು ನಿಲ್ಲಲ್ಲ. ಆಮೇಲೆ ಪಂಚರ್ ಅಂಗಡಿಗೆ ಹೋದ್ರೆ ಒಳಗೆಲ್ಲ ಅಂಟು ಇರತ್ತೆ, ಪ್ಯಾಚ್ ಕೂರಿಸೋಕೆ ಅವ್ರೂ ಒದ್ದಾಡ್ತಾರೆ. ಲೈನರ್ ಮುಳ್ಳಿಗೆ ಬಹಳ ಒಳ್ಳೇದು, ಇದೊಂದರ ಮೇಲೆ ನನಗೆ ಪೂರ್ತಿ ನಂಬಿಕೆ, ಹಳೇ ಟೈರಿನ ಮೇಲ್ಮೈ ಪಟ್ಟಿ ಕೊಯ್ಸಿ ಬಟನ್ ಎಲ್ಲ ನಯ ಮಾಡ್ಸಿ ಟೈರಿಗೂ ಟ್ಯೂಬಿಗೂ ಮಧ್ಯ ಹಾಕೋದು. ಅಂಚನ್ನ ಗ್ರೈಂಡರಲ್ಲಿ ಓರೆಯಾಗಿ ತೆಳ್ಳಗೆ ಮಾಡ್ಸಲೇಬೇಕು, ಇಲ್ಲ ಅಂದ್ರೆ ಮುಳ್ಳು ಮಾಡದ ಕೆಲ್ಸಾನ ಆ ಅಂಚು ಮಾಡತ್ತೆ, ಟ್ಯೂಬ್ ಅಲ್ಲೇ ಸವೆದು ಹೋಗತ್ತೆ. 8 ಪ್ಲೈ ಟೈರು ಪಕ್ಕದ ಗೋಡೆಗೆ ಆಗೋ ಗೀರು, ಸೀಳಿಗೆ ವಾಸಿ, ಮುಳ್ಳಿಗೆ ಅಂತಾ ವ್ಯತ್ಯಾಸ ಇಲ್ಲ. ಹಂಗಾಗಿ ಜಾಲಿ ಇರೋರು ಲೈನರ್, ಲಂಟಾನ ಮತ್ತೆ ಕಾಡು ಗಿಡದ ಬೊಡ್ಡೆ ಇರೋರು ಪ್ಲೈ ಜಾಸ್ತಿ ಇರೋದು. ಪೂರ್ತಿ ಫೋಮ್ ತುಂಬಿಸೋದೂ ಇದೆ, ಪಂಚರ್ ಅನ್ನೋ ಮಾತೇ ಇರಲ್ಲ, ಆದ್ರೆ ತೂಕ ವಿಪರೀತ, ಕೂತೋರ ಸೊಂಟಕ್ಕೆ ಏಟು, ಟೈರ್ ಸವೆದಾಗ ಫೋಮ್ ಕೂಡ ಅದರ ಜೊತೇನೇ ಹೋಯ್ತು, ಮಿನಿ ಗಾಡಿಗೆ ಇದು ಸರಿಹೋಗಲ್ಲ ಅಂತ ಅದನ್ನ ನಾನು ಮುಟ್ಟಿಲ್ಲ.

ಟೈರ್‌ಗಿಂತ ಬೇಗ ಹೋಗೋದು ವಾಲ್ವು. ಕಡ್ಡಿ ರಿಮ್ ಒಳಗೆ ಸುತ್ತಿ ಬಂದು ಕುತ್ತಿಗೇನೇ ಕಿತ್ತು ಹಾಕತ್ತೆ, ಟ್ಯೂಬೇ ಹೊಸದು ಬೇಕಾಗತ್ತೆ. ಇದಕ್ಕೆ ಒಂದು ಅರ್ಧ ಪೈಪ್ ತುಂಡು ಇಲ್ಲ ಬಗ್ಗಿಸಿದ ದಪ್ಪ ಪಟ್ಟಿನ ಡಿಸ್ಕ್ ಬೋಲ್ಟಿಗೆ ಸೇರಿಸಿ ವಾಲ್ವ್ ಮೇಲೆ ಬರೋ ಹಂಗೆ ಕೂರಿಸಿದ್ರೆ ಆಯ್ತು, ಗಾಳಿ ಹಿಡಿಯೋಕೆ ಬಾಯಿ ಬಿಟ್ಟಿರಿ. ದಯವಿಟ್ಟು ಇದನ್ನ ಟೈರ್ ಇರೋ ರಿಮ್ಮಿಗೆ ವೆಲ್ಡ್ ಮಾಡಿಸ್ಬೇಡಿ. ಗಾಳಿ ತೆಗೆದಿದ್ರೂ ಬೇಡ, ವಾಲ್ವ್ ಪಿನ್ ತೆಗೆದಿದ್ರೂ ಬೇಡ, ಬಿಸಿಗೆ ಒಳಗಿನ ರಬ್ಬರ್ ಗ್ಯಾಸ್ ಆಗಿ ಟೈರ್ ಸಿಡಿಯತ್ತೆ, ಹತ್ರ ಇದ್ದೋರ ಜೀವ ಹೋಗತ್ತೆ. ಎರಡು ಬೋಲ್ಟಲ್ಲಿ ಆಗೋ ಕೆಲಸ ಇದು.

ನಾಲ್ಕು ಚಕ್ರ ಡ್ರೈವ್ ಇರೋರು ಮುಂದಿನ ಚಕ್ರದ ಒಳಗಡೆ ಆಯಿಲ್ ಸೀಲ್ ಇರೋ ಜಾಗ ಆಗಾಗ ನೋಡಿ. ಕಡ್ಡಿಗಿಂತ ನಾರು ಅಲ್ಲಿ ಕೆಟ್ಟದ್ದು, ಬಾಳೆ ನಾರು, ಬಳ್ಳಿ, ಗೊಬ್ಬರ ಚೀಲದ ದಾರ ಸುತ್ಕೊಂಡು ಬಿಗಿದು ಸೀಲ್ ಬಾಯಿ ಕುಯ್ಯತ್ತೆ. ತಗಡಿನ ಬಳೆ ಹಾಕ್ಸಿದೆ, ಗೊರಟು ಕಡ್ಡಿ ತಡಿತು, ದಾರ ತಡೀಲಿಲ್ಲ, ಮತ್ತೆ ಬಳೆ ಒಳಗೆ ಹೋದ ದಾರ ಕಣ್ಣಿಗೂ ಕಾಣಲ್ಲ. ತೆಗೆಸ್ಬಿಟ್ಟೆ, ಈಗ ಪೊದೆ ಕೆಲಸ ಆದ ದಿನ ಕೈ ಹಾಕಿ ಸುತ್ತಿದ್ದನ್ನ ಕುಯ್ದು ತೆಗೆಯೋದು ಅಷ್ಟೇ.

ಇಷ್ಟು ಗಾರ್ಡ್ ಹಾಕೋ ಬದ್ಲು ಪೊದೇನ ಬೇರೆ ತರ ಕಡಿದ್ರೆ ಆಗಲ್ವಾ ಅಂತ ಕೇಳೋರು ಇದಾರೆ, ಒಳ್ಳೆ ಪ್ರಶ್ನೆ, ಅದನ್ನೂ ಪಕ್ಕಪಕ್ಕದಲ್ಲೇ ನೋಡಿದೀನಿ. ಕತ್ತೀಲಿ ಕಡಿದ ಜಾಗ, ಬ್ರಷ್ ಕಟರಿಗೆ ಗರಗಸದ ಬ್ಲೇಡ್ ಹಾಕಿ ಕೊಯ್ದ ಜಾಗ, ಎರಡರ ಮೇಲೂ ಅದೇ ಗಾಡಿ ಓಡಿಸಿ. ಕತ್ತಿ ಏಟು ಯಾವಾಗ್ಲೂ ಓರೆ, ನೆಲದಿಂದ ಅರ್ಧ ಅಡಿ ಮೇಲೆ ಚೂಪಾದ ಬೊಡ್ಡೆ ಉಳಿಯತ್ತೆ, ಒಣಗಿದ ಮೇಲೆ ಟೈರ್ ಗೋಡೆ ಸೀಳೋದು ಅದೇ, ಹೊಟ್ಟೆಗೆ ಚುಚ್ಚೋದೂ ಅದೇ. ಗರಗಸ ಬ್ಲೇಡ್ ನೆಲಕ್ಕೆ ಹತ್ತಿ ಚಪ್ಪಟೆ ಕೊಯ್ಯತ್ತೆ, ಅದರ ಮೇಲೆ ಟೈರ್ ಹತ್ತಿ ಇಳಿದ್ರೂ ಏನೂ ಆಗಲ್ಲ. ಹೊಟ್ಟೆ ತಗಡಿನ ಮೇಲಿನ ಗೀರುಗಳನ್ನ ನೋಡಿದ್ರೇನೇ ಯಾವ ಜಾಗದಲ್ಲಿ ಓಡಿಸಿದ್ದು ಅಂತ ಹೇಳ್ಬೋದು, ಅಷ್ಟು ವ್ಯತ್ಯಾಸ ಇದೆ. ಕೂಲಿಯೋರಿಗೆ ಕಡಿಯೋಕೆ ಹೇಳೋವಾಗ ನೆಲಕ್ಕೆ ಸಮ ಮಾಡಿ ಅಂತ ಒಂದು ಮಾತು ಹೇಳಿ, ಅದಕ್ಕೆ ಅರ್ಧ ದಿನ ಜಾಸ್ತಿ ಹಿಡಿದ್ರೂ ಕೂಲಿ ಕೊಡಿ, ಒಂದು ಟೈರ್ ದುಡ್ಡಿನ ಮುಂದೆ ಅದೇನೂ ಅಲ್ಲ.

ಬ್ರಷ್ ಕಟರಲ್ಲಿ ಕೊಯ್ದು ಕೊಂಬೆನೆಲ್ಲ ಒಂದೇ ದಿಕ್ಕಿಗೆ ಬುಡ ಬರೋ ಹಂಗೆ ಮಲಗಿಸಿ, ಬುಡದ ಕಡೆಯಿಂದ ತುದಿ ಕಡೆಗೆ ಗಾಡಿ ಓಡಿಸಿದ್ರೆ ಕವಲು ಎಲ್ಲ ಮಡಚಿ ನೆಲಕ್ಕೆ ಒತ್ತತ್ತೆ. ತುದಿ ಕಡೆಯಿಂದ ಹೋದ್ರೆ ಕವಲು ಎದ್ದು ನಿಂತು ಒಳಗೆ ನುಗ್ಗತ್ತೆ. ಸ್ಲ್ಯಾಷರ್ ಇರೋರು ಕೆಲವ್ರು ರಿವರ್ಸಲ್ಲೇ ಪೊದೆಗೆ ನುಗ್ಗಿಸ್ತಾರೆ, ಬ್ಲೇಡು ಮೊದಲು ತಿಂದ ಮೇಲೆ ಗಾಡಿ ಬರತ್ತೆ ಅಂತ. ಹೊಟ್ಟೆಗೆ ಏಟು ಕಮ್ಮಿ ಆಗೋದು ನಿಜ, ಆದ್ರೆ ಹಿಂದೆ ತಿರುಗಿ ನೋಡ್ತಾ ಕೂತಿರೋರ ಮುಖದ ಕಡೆಗೇ ಚೂರು ಹಾರೋದು, ಹಿಂದೆ ಬಾವಿ, ಗುಂಡಿ, ಮನುಷ್ಯರು ಯಾರಿದಾರೆ ಅಂತ ಪೊದೇಲಿ ಕಾಣಲ್ಲ. ಸ್ಲ್ಯಾಷರ್ ಸುತ್ತ ಚೈನ್ ಗಾರ್ಡ್ ಇದ್ದು, ಜಾಗ ಮೊದಲೇ ನಡೆದು ನೋಡಿದ್ದು, ತೀರಾ ಕಮ್ಮಿ ಸ್ಪೀಡಲ್ಲಿ ಆದ್ರೆ ಮಾತ್ರ. ರೋಟವೇಟರ್ (ಮಣ್ಣು ಪುಡಿ ಮಾಡೋ ಯಂತ್ರ) ಹಾಕ್ಕೊಂಡು ಇದನ್ನ ಯಾವತ್ತೂ ಮಾಡ್ಬೇಡಿ.

ಇನ್ನು ಉಳಿದಿದ್ದು ಕೂತೋರ ಕಾಲು. ಗಾಡಿಗೆ ಇಷ್ಟೆಲ್ಲ ಮಾಡಿಸೋರು ಪೆಡಲ್ ಪಕ್ಕದ ಸಂದೀನ ಹಂಗೇ ಬಿಟ್ಟಿರ್ತಾರೆ, ಮುಂದಿನ ಚಕ್ರ ತುಳಿದ ಕೋಲು ಎದ್ದು ನಿಂತು ಆ ಸಂದಿಯಿಂದಾನೇ ಮೀನಖಂಡಕ್ಕೆ ಬರೋದು. ತಗಡು ಮುಚ್ಚಿದ್ರೆ ಮಣ್ಣು ತುಂಬಿ ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಗಲ್ಲ, ಅದು ಕಡ್ಡಿಗಿಂತ ಅಪಾಯ. ಹೊಟ್ಟೆ ಕೆಳಗೆ ಬೇಡ ಅಂದ ಎಕ್ಸ್‌ಪ್ಯಾಂಡೆಡ್ ಮೆಶ್ಶು ಇಲ್ಲಿ ಸರಿಯಾಗಿ ಕೂರತ್ತೆ, ಮಣ್ಣು ಉದುರತ್ತೆ, ಕೋಲು ನಿಲ್ಲತ್ತೆ, ಕೆಳಗೆ ಚುಚ್ಚೋಕೆ ಯಾವ ಪೈಪೂ ಇಲ್ಲ. ಪೆಡಲ್ ಪೂರ್ತಿ ತುಳಿದಾಗ ಮೆಶ್ಶಿಗೂ ಪೆಡಲ್ಲಿಗೂ ಮಧ್ಯ ಒಂದಿಂಚು ಜಾಗ ಇರೋ ಹಂಗೆ ಅಳತೆ ತಗೊಂಡು ಕೊಯ್ಸಿ, ಅಂಚಿಗೆ ಪಟ್ಟಿ ವೆಲ್ಡ್ ಮಾಡ್ಸಿ, ಬರಿ ಅಂಚು ಬಿಟ್ರೆ ಪ್ಯಾಂಟು ಸಿಗ್ಹಾಕ್ಕೊಳತ್ತೆ.